ಗಾಲಿಯ ಮೇಲಿನ ಅಡಿಗೆಮನೆ

ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲಿ ಕಾವ್ಯಕ್ಕೆ, ಇತಿಹಾಸಕ್ಕೆ, ಅರ್ಥಶಾಸ್ತ್ರಕ್ಕೆ ಸಲ್ಲುವ ಸ್ಥಾನ ಅಡಿಗೆಮನೆಗೂ ಬಚ್ಚಲಮನೆಗೂ ಸಲ್ಲುವುದಿಲ್ಲ. ಲೇಖನಕ್ಕೆ ವಸ್ತುವಾಗುವಷ್ಟು ಘನತೆ ಅವಕ್ಕಿದೆಯೆಂದು ನಾವು ಎಣಿಸಿಲ್ಲ. ಮನೆಗೆ ಬಂದ ಅತಿಥಿಗೆ ನಡುಮನೆಯನ್ನು ತೋರಿಸುತ್ತೇವೆ, ದೇವರ ಮನೆಯನ್ನು ತೋರಿಸುತ್ತೇವೆ, ಪುಸ್ತಕದ ಬೀರುವಿದ್ದರೆ ಅದನ್ನಂತೂ ತಪ್ಪದೆ ತೋರಿಸುತ್ತೇವೆ. ಬಚ್ಚಲಿನ ಬಾಗಿಲನ್ನು ಮಾತ್ರ ಮೆಲ್ಲನೆ ಮುಚ್ಚುತ್ತೇವೆ. ಆದರೆ ಬೆಳಗಾದರೆ ನಾವೆಲ್ಲರೂ ಮೊದಲು ಹೋಗುವುದು ಅಲ್ಲಿಗೇ ಎಂಬುದನ್ನು ಯಾವ ವಿದ್ವಾಂಸರೂ ಅಲ್ಲಗಳೆಯಲಾರರು.

ನಾನು ಹೇಳಹೊರಟಿರುವ ಅಭಿಪ್ರಾಯ ಇಷ್ಟೆ: ಕಲಾ ವಿಭಾಗದ ವಿದ್ಯಾರ್ಥಿಗಳಾದ ನಾವು ಒಂದು ಸಾರಿಯಾದರೂ ಒಂದು ಅಡಿಗೆಮನೆಯನ್ನೋ ಬಚ್ಚಲನ್ನೋ ನಮ್ಮ ಕೈಯಿಂದಲೇ ಕಳಚಿ ಮರಳಿ ಕಟ್ಟಬೇಕು. ಹಾಗೆ ಕಟ್ಟಿದವರಿಗೆ ನೀರು ಎಲ್ಲಿಂದ ಬಂತು, ಕೊಳೆ ಎಲ್ಲಿಗೆ ಹೋಯಿತು, ಅದನ್ನು ಯಾರು ಹೊತ್ತರು ಎಂಬುದು ತಿಳಿಯುತ್ತದೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿಯದವರ ವಿದ್ಯೆ ಅರ್ಧದಲ್ಲಿ ನಿಂತ ವಿದ್ಯೆ ಎಂದು ನನಗೆ ತೋರುತ್ತದೆ.

ಈ ಅಭಿಪ್ರಾಯ ನನಗೆ ಗ್ರಂಥಾಲಯದಲ್ಲಿ ದೊರೆತದ್ದಲ್ಲ. ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ ನಡೆಸಿ, ಈಗ ಅದನ್ನು ಮಗನ ಕೈಗೆ ಒಪ್ಪಿಸಿರುವ ನನ್ನ ಸೋದರಮಾವ ಹೋದ ಬೇಸಗೆಗೆ ಮೊದಲು ಒಂದು ಹಳೆಯ ಸಂಚಾರಿ ಮನೆಯನ್ನು ಕೊಂಡರು. ಸಂಚಾರಿ ಮನೆಯೆಂದರೆ ಒಳಗೇ ಮಲಗುವ ಹಲಗೆ, ಒಲೆ, ತೊಟ್ಟಿ, ಪುಟ್ಟ ಬಚ್ಚಲು ಎಲ್ಲವೂ ಇರುವ ವ್ಯಾನು. ಮೋಟಾರು ಇಲಾಖೆಯವರ ಕಾಗದದಲ್ಲಿ ಅದಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರು. ಅರುವತ್ತು ದಾಟಿದ ಮೇಲೆ ಅತ್ತೆಯನ್ನು ಕರೆದುಕೊಂಡು ಊರೂರು ನೋಡಬೇಕು, ಹೋಟೆಲಿನ ಹಂಗು ಇರಬಾರದು ಎಂಬುದು ಅವರ ಆಸೆ. ವ್ಯಾನು ಬಜಾರಿನ ಒಳಗೆ ನುಗ್ಗುವಂತಿರಲಿಲ್ಲ. ಅಲ್ಲಿ ಎರಡು ಕೈಗಾಡಿ ಎದುರುಬದುರಾದರೇ ಜನ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲಬೇಕು. ಊರಾಚೆ ನೆಂಟರ ತೋಟದ ಕಣದಲ್ಲಿ ಅದನ್ನು ನಿಲ್ಲಿಸಿದರು. ಪರೀಕ್ಷೆ ಮುಗಿಸಿದ್ದ ನಾನು ರಜೆಯ ಐದು ವಾರಗಳನ್ನು ಅದರ ಹೊಟ್ಟೆಯೊಳಗೆ ಕಳೆದೆ.

ಮುಂದುವರಿಯುವ ಮೊದಲು ಕಾನೂನಿನ ಮಾತೊಂದನ್ನು ಹೇಳಿಬಿಡಬೇಕು. ಉತ್ಸಾಹಿಗಳಾದ ಮಿತ್ರರು ನಾಳೆಯೇ ಅಪ್ಪನ ವ್ಯಾನಿಗೆ ಗರಗಸ ಹಾಕಿಯಾರು. ನಮ್ಮ ದೇಶದಲ್ಲಿ ಇದ್ದ ವಾಹನವನ್ನು ಮನಬಂದಂತೆ ಮನೆಯಾಗಿ ಮಾರ್ಪಡಿಸುವಂತಿಲ್ಲ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಬದಲಾಯಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮಾವ ಕೊಂಡದ್ದು ಮೊದಲೇ ಕ್ಯಾಂಪರ್ ವ್ಯಾನ್ ಎಂದು ನೋಂದಣಿಯಾಗಿದ್ದ ಗಾಡಿ. ಅದರ ಚಾಸಿ, ಕವಚ, ಆಸನ ಯಾವುದನ್ನೂ ನಾವು ಮುಟ್ಟಲಿಲ್ಲ. ಕೊಳೆತ ಬೀರುಗಳನ್ನೂ ಸೋರುವ ಕೊಳವೆಗಳನ್ನೂ ಕಿತ್ತು, ಅದೇ ಜಾಗದಲ್ಲಿ ಹೊಸವನ್ನು ಕೂರಿಸಿದೆವು, ಅಷ್ಟೆ.

ಕಿತ್ತಾಗ ಕಂಡ ನೋಟ ಮರೆಯುವಂಥದಲ್ಲ. ಮೇಲೆ ಹೊಳೆಯುವ ಸನ್ಮೈಕ, ಅದರ ಕೆಳಗೆ ಅವಲಕ್ಕಿಯಂತೆ ಉಬ್ಬಿ ಪದರ ಪದರವಾಗಿ ಬಿಡಿಸಿಕೊಂಡಿದ್ದ ಪ್ಲೈವುಡ್ಡು. ತೊಟ್ಟಿಯ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಕೊಳವೆಯ ಒಂದು ಕೀಲು ಎಷ್ಟು ವರ್ಷಗಳಿಂದ ತೊಟ್ಟಿಕ್ಕುತ್ತಿತ್ತೋ! ಹಿಂದೆ ಅದನ್ನು ಮಾಡಿದವರು ಎದುರಿಗೆ ಕಾಣುವ ಬಾಗಿಲಿಗೆ ಒಳ್ಳೆಯ ಸಾಮಾನನ್ನೂ ಒಳಗಿನ ತಳಕ್ಕೆ ಅಗ್ಗದ ಸಾಮಾನನ್ನೂ ಹಾಕಿದ್ದರು. ಪ್ಲೈವುಡ್ಡಿನಲ್ಲಿಯೂ ಜಾತಿಗಳುಂಟು. ನೀರಿನ ಸಹವಾಸವಿರುವ ಕಡೆ ಐ.ಎಸ್. 710 ಎಂಬ ಗುರುತಿರುವ ಮೆರೀನ್ ಪ್ಲೈವುಡ್ಡು ಬೇಕು. ಅದನ್ನು ಕೊಯ್ದ ಅಂಚುಗಳಿಗೂ ಬಣ್ಣವನ್ನೋ ಅಂಟನ್ನೋ ಬಳಿಯಬೇಕು, ಏಕೆಂದರೆ ನೀರು ಹೊಗುವುದು ಅಂಚಿನಿಂದ.

ಅಳತೆಯ ವಿಷಯದಲ್ಲಿ ನನಗೆ ದೊಡ್ಡ ಪಾಠ ಕಲಿಸಿದವರು ಭದ್ರಾವತಿಯಿಂದ ಬಂದ ಒಬ್ಬ ವೃದ್ಧ ಕುಶಲಿಗರು. 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದವರು. ನಾನು ರಸಮಟ್ಟವನ್ನು ಹಿಡಿದು ಹಲಗೆ ನೇರವಿದೆಯೆ ಎಂದು ನೋಡುತ್ತಿದ್ದಾಗ ಅವರು ನಕ್ಕರು. “ಮಗಳೇ, ಗಾಡಿ ಇವತ್ತು ಈ ಕಣದಲ್ಲಿದೆ, ನಾಳೆ ಆಗುಂಬೆಯ ಇಳಿಜಾರಿನಲ್ಲಿರುತ್ತೆ. ರಸಮಟ್ಟ ಭೂಮಿಯ ಲೆಕ್ಕ ಹೇಳುತ್ತೆ, ಗಾಡಿಯ ಲೆಕ್ಕ ಹೇಳಲ್ಲ. ನೆಲದ ಹಲಗೆಯಿಂದ ಅಳೆದುಕೊಂಡು ಬಾ” ಎಂದರು. ಗಾಡಿಯ ಗೋಡೆ ಎಲ್ಲಿಯೂ ನೇರವಿಲ್ಲ, ಮೇಲೆ ಹೋದಂತೆ ಒಳಕ್ಕೆ ಬಾಗುತ್ತದೆ. ಮೂಲೆಮಟ್ಟ ಕೂಡ ಅಲ್ಲಿ ಸುಳ್ಳು. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಗೋಡೆಗೆ ಒತ್ತಿ ಹಿಡಿದು, ರಟ್ಟಿನಲ್ಲಿ ಒಪ್ಪಿದ ಆಕಾರವನ್ನೇ ಹಲಗೆಗೆ ಇಳಿಸಬೇಕು.

ಇನ್ನು ಅಡಿಗೆಯ ಕಟ್ಟೆಯ ಎತ್ತರದ ಮಾತು. ಮಾವ ತಮ್ಮ ನಿಲುವಿಗೆ ಸರಿಯಾಗಿ ಗೆರೆ ಹಾಕಿದ್ದರು. ಅತ್ತೆ ಬಂದು ನೋಡಿ, “ಅನ್ನ ಬಸಿಯೋರು ಯಾರು? ನೀವೋ ನಾನೋ?” ಎಂದು ಕೇಳಿದರು. ಮಾವ ಗೆರೆಯನ್ನು ಅಳಿಸಿದರು. ಅತ್ತೆಯನ್ನು ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಅಲ್ಲಿಂದ ನಾಲ್ಕೈದು ಅಂಗುಲ ಕೆಳಗೆ ಹೊಸ ಗೆರೆ ಬಿತ್ತು. ನಮ್ಮ ನಾಡಿನ ಎಷ್ಟು ಅಡಿಗೆಮನೆಗಳು ಅಲ್ಲಿ ದುಡಿಯುವವರ ಮೊಣಕೈಯನ್ನು ನೋಡಿ ಕಟ್ಟಿದಂಥವು? ಯಜಮಾನರು ಮೇಸ್ತ್ರಿಗೆ ಹೇಳುತ್ತಾರೆ, ಮೇಸ್ತ್ರಿ ಎಲ್ಲ ಮನೆಗೂ ಹಾಕುವ ಎತ್ತರವನ್ನೇ ಹಾಕುತ್ತಾನೆ, ತಾಯಂದಿರು ಬೆನ್ನುನೋವಿನಿಂದ ಅದರ ಬಾಡಿಗೆಯನ್ನು ಕಟ್ಟುತ್ತಾರೆ. ಒಲೆಯನ್ನು ಕುರಿತು ಚಿಂತಿಸುವುದು ವಿದ್ಯಾವಂತರಿಗೆ ಅಲ್ಪವೆಂದು ತೋರಿದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಕೇಂದ್ರವನ್ನು ನೆನೆಯಬೇಕು. ಅಲ್ಲಿನ ವಿಜ್ಞಾನಿಗಳು ಹಳ್ಳಿಯ ಸೌದೆ ಒಲೆಯ ಮುಂದೆ ಕುಳಿತು, ಹೊಗೆಯನ್ನು ಹೊರಕ್ಕೆ ಕಳಿಸಿ ಸೌದೆಯನ್ನು ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿದರು. ಅದರಿಂದ ಅವರ ಪಾಂಡಿತ್ಯಕ್ಕೆ ಊನ ಬರಲಿಲ್ಲ.

ಒಲೆಯ ಮಾತು ಬಂತು. ಗ್ಯಾಸು ಬೇಡ, ವಿದ್ಯುತ್ತಿನ ಇಂಡಕ್ಷನ್ ಒಲೆ ಇಡೋಣ ಎಂದು ಮಾವ ಮೊದಲು ಯೋಚಿಸಿದ್ದರು. ಲೆಕ್ಕ ಹಾಕಲು ನನಗೆ ಹೇಳಿದರು. ಒಂದು ಲೀಟರು ನೀರನ್ನು ಕುದಿಸಲು ಸುಮಾರು 90 ವ್ಯಾಟ್-ಗಂಟೆಯ ಶಕ್ತಿ ಬೇಕು. ಒಲೆಯಲ್ಲಿ ಪೋಲಾಗುವುದನ್ನೂ ಸೇರಿಸಿದರೆ 100 ಎನ್ನೋಣ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 1,200 ವ್ಯಾಟ್-ಗಂಟೆ. ಸೀಸದ ಬ್ಯಾಟರಿಯಾದರೆ ಅದರ ಬಾಳಿಕೆಯ ದೃಷ್ಟಿಯಿಂದ ಅರ್ಧವನ್ನಷ್ಟೇ ಬಳಸಬೇಕು. ಅಂದರೆ ಆರು ಲೀಟರು ನೀರು ಕುದಿಯುವಷ್ಟರಲ್ಲಿ ಬ್ಯಾಟರಿ ಬರಿದು! ಮನೆಯಲ್ಲಿ ಗುಂಡಿ ಒತ್ತಿ ಹಂಡೆಗಟ್ಟಲೆ ನೀರು ಕಾಯಿಸುವಾಗ ಈ ಲೆಕ್ಕ ಯಾರಿಗೆ ನೆನಪಾಗುತ್ತದೆ? ಕೊನೆಗೆ ಇದ್ದ ಗ್ಯಾಸಿನ ಒಲೆಯನ್ನೇ ಉಳಿಸಿಕೊಂಡು, ಅದರ ಕೊಳವೆಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿದೆವು. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ನೀರಿನಂತೆ ಮಡುಗಟ್ಟುತ್ತದೆ. ಆದ್ದರಿಂದ ಅದಕ್ಕೆ ಹೊರದಾರಿ ತಳದಲ್ಲಿ ಇರಬೇಕು. ಗಾಡಿಯ ತಳದಲ್ಲಿದ್ದ ಆ ಕಿಂಡಿಯನ್ನು ಹಿಂದಿನವರು ಇಲಿ ಬರುತ್ತದೆಂದು ಮುಚ್ಚಿಬಿಟ್ಟಿದ್ದರು. ನಾವು ಅದನ್ನು ತೆರೆದು ತಂತಿಬಲೆ ಹಾಕಿದೆವು. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇಡುವ ಸಲಹೆಯನ್ನು ಅತ್ತೆ ಒಪ್ಪಲೇ ಇಲ್ಲ. ಗಾಳಿಯಾಡದ ಬಚ್ಚಲಲ್ಲಿ ಅಂಥ ಗೀಸರಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಬಾಗಿಲು ತೆರೆಯದೆ ಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಲೇ ಇದ್ದೇವೆ.

ಬಚ್ಚಲು ಎಷ್ಟು ದೊಡ್ಡದೆಂದು ಕೇಳುತ್ತೀರಾ? ಮೂರಡಿ ಉದ್ದ, ಎರಡೂವರೆ ಅಡಿ ಅಗಲ. ತಿರುಗಿ ನಿಂತರೆ ಮೊಣಕೈ ಗೋಡೆಗೆ ತಾಕುತ್ತದೆ. ಗಾಡಿ ಯಾವ ಕಡೆಗೆ ವಾಲಿ ನಿಂತೀತೆಂದು ಹೇಳಲಾಗದ್ದರಿಂದ ನೀರು ಹರಿಯಲು ಒಂದೇ ತೂತು ಸಾಲದು. ಎದುರುಬದುರು ಮೂಲೆಗಳಲ್ಲಿ ಎರಡು ತೂತು ಬೇಕು. ಹಿಂದಿನವರು ಹಾಕಿದ್ದ ಷವರನ್ನು ತೆಗೆದು, ಬಕೆಟ್ಟನ್ನೂ ತಂಬಿಗೆಯನ್ನೂ ಇಟ್ಟೆವು. ಇದರಲ್ಲಿ ಸಂಪ್ರದಾಯದ ಅಭಿಮಾನಕ್ಕಿಂತ ಲೆಕ್ಕ ಹೆಚ್ಚಿಗೆ ಇದೆ. ಷವರು ನಿಮಿಷಕ್ಕೆ ಎಂಟು ಹತ್ತು ಲೀಟರು ಸುರಿಸುತ್ತದೆ. ನಮ್ಮ ತೊಟ್ಟಿಯಲ್ಲಿದ್ದದ್ದು ಒಟ್ಟು 100 ಲೀಟರು. ತಂಬಿಗೆಯ ಸ್ನಾನ ಹತ್ತು ಲೀಟರಿನಲ್ಲಿ ಮುಗಿಯುತ್ತದೆ. ನೂರು ಲೀಟರು ನೀರೆಂದರೆ ನೂರು ಕಿಲೋ ಭಾರ. ಅದನ್ನು ಗಾಡಿಯ ಒಂದು ಮಗ್ಗುಲಿಗಿಟ್ಟರೆ ಗಾಡಿಯೇ ವಾಲುತ್ತದೆ. ಬಳಸಿದ ನೀರು ಎಲ್ಲಿಗೂ ಮಾಯವಾಗುವುದಿಲ್ಲ. ಅದೂ ಕೆಳಗಿನ ಇನ್ನೊಂದು ತೊಟ್ಟಿಗೆ ಇಳಿದು, ನಾವು ಮಲಗುವ ಹಲಗೆಯ ಅಡಿಯಲ್ಲೇ ನಮ್ಮೊಡನೆ ಪ್ರಯಾಣ ಮಾಡುತ್ತದೆ!

ಇಲ್ಲಿ ನನಗೆ ಮೊದಲ ಸಲ ಹೊಳೆದ ಸಂಗತಿಯನ್ನು ಹೇಳಬೇಕು. ನಗರದ ಮನುಷ್ಯನೊಬ್ಬನಿಗೆ ದಿನಕ್ಕೆ 135 ಲೀಟರು ನೀರು ಎಂದು ಸರ್ಕಾರದ ಯೋಜಕರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಹಳ್ಳಿಯವನಿಗೆ ಜಲಜೀವನ ಯೋಜನೆಯಲ್ಲಿ 55 ಲೀಟರು. ಗಾಡಿಯಲ್ಲಿ ನಾವು ಮೂವರು ದಿನಕ್ಕೆ 75 ಲೀಟರಿನಲ್ಲಿ ಉಂಡು, ಮಿಂದು, ಪಾತ್ರೆ ತೊಳೆದು ಸುಖವಾಗಿದ್ದೆವು. ನಲ್ಲಿಯೆಂಬುದು ಕೈಗೆ ಸಿಕ್ಕಿದೊಡನೆ ಮನುಷ್ಯನಿಗೆ ಲೆಕ್ಕ ಮರೆಯುತ್ತದೆ, ಚರಂಡಿಯೆಂಬುದು ಸಿಕ್ಕಿದೊಡನೆ ಹೊಣೆ ಮರೆಯುತ್ತದೆ. ಮಲೆನಾಡಿನ ನಮ್ಮ ಅಜ್ಜಂದಿರ ಮನೆಗಳಲ್ಲಿ ಹೀಗಿರಲಿಲ್ಲ. ಅಡಿಕೆ ಮರದ ದಬ್ಬೆಯಲ್ಲಿ ಗುಡ್ಡದ ನೀರು ಬಚ್ಚಲಿಗೆ ಬರುತ್ತಿತ್ತು. ಮಿಂದ ನೀರು ಹಿತ್ತಲಿನ ಬಾಳೆಯ ಬುಡಕ್ಕೆ, ಕೆಸುವಿನ ಬುಡಕ್ಕೆ ಹೋಗುತ್ತಿತ್ತು. ಬಂದ ದಾರಿಯೂ ಹೋದ ದಾರಿಯೂ ಮನೆಯ ಮಕ್ಕಳಿಗೆಲ್ಲ ಕಾಣುತ್ತಿತ್ತು. ಹಾಗೆಂದು ಹಳೆಯದೆಲ್ಲ ಚಿನ್ನವೆಂದು ನಾನು ಹೇಳುವವಳಲ್ಲ. ಅದೇ ಮನೆಗಳಲ್ಲಿ ಹೊಗೆ ಕುಡಿದು ಕಣ್ಣು ಕಳೆದುಕೊಂಡವರು ಹೆಂಗಸರು. ಅದೇ ಕಾಲದ ಪೇಟೆಗಳಲ್ಲಿ ಕಕ್ಕಸಿನ ಮಲವನ್ನು ತಲೆಯ ಮೇಲೆ ಹೊತ್ತವರು ನಮ್ಮಂಥ ಮನುಷ್ಯರೇ.

ಈ ಕೊನೆಯ ಮಾತೇ ನನ್ನ ಲೇಖನದ ತಿರುಳು. ಗಾಡಿಯ ಪಾಯಿಖಾನೆಯ ಕೆಳಗೆ ಸುಮಾರು ಇಪ್ಪತ್ತು ಲೀಟರು ಹಿಡಿಯುವ ಒಂದು ಪೆಟ್ಟಿಗೆಯಿದೆ. ತುಂಬಿದ ಮೇಲೆ ಅದನ್ನು ಹೊರಗೆಳೆದು, ಹೊತ್ತುಕೊಂಡು ಹೋಗಿ, ಸರಿಯಾದ ಕಕ್ಕಸಿನಲ್ಲಿ ಸುರಿದು ತೊಳೆಯಬೇಕು. “ಅದಕ್ಕೆ ಯಾರನ್ನಾದರೂ ಗೊತ್ತು ಮಾಡೋಣ, ಕಾಸು ಕೊಟ್ಟರಾಯಿತು” ಎಂದು ಮಾವ ಅಂದರು. ಅತ್ತೆ ಸೊಪ್ಪು ಸೋಸುತ್ತಿದ್ದವರು ತಲೆಯೆತ್ತದೆಯೇ, “ಬಳಸೋರು ನಾವು ಮೂರು ಜನ, ಸರದಿಯ ಮೇಲೆ ಮೂವರೂ ಹೊರೋದು. ಆಗೋದಿಲ್ಲ ಅಂದ್ರೆ ಗಾಡಿ ಮಾರಿಬಿಡಿ” ಎಂದರು. ಗಾಡಿಯನ್ನು ಮಾರಲಿಲ್ಲ. ಕೂಡಲಿಗೆ ಹೋಗಿ ಒಂದು ರಾತ್ರಿ ತಂಗಿದ ಮೇಲೆ ಮೊದಲ ಸರದಿ ನನಗೇ ಬಂತು. ಹೊತ್ತೆ, ಕೈ ತೊಳೆದುಕೊಂಡೆ, ಊಟ ಮಾಡಿದೆ. ಆಕಾಶ ಬೀಳಲಿಲ್ಲ.

ತುಂಗೆಯೂ ಭದ್ರೆಯೂ ಸೇರುವ ಆ ಕೂಡಲಿಯಲ್ಲಿ ಇನ್ನೊಂದು ಪರೀಕ್ಷೆಯೂ ಕಾದಿತ್ತು. ಸಂಜೆಯ ಹೊತ್ತಿಗೆ ಬಳಸಿದ ನೀರಿನ ತೊಟ್ಟಿ ತುಂಬಿತ್ತು. ಹೊಳೆಯ ದಂಡೆ ಎದುರಿಗೇ. ಒಂದು ನಲ್ಲಿ ತಿರುಗಿಸಿದರೆ ಸೋಪಿನ ನೀರು ಇಳಿದುಹೋಗುತ್ತಿತ್ತು, ನೋಡುವವರೂ ಇರಲಿಲ್ಲ. ಆದರೆ ಐದು ವಾರ ಆ ನಲ್ಲಿಯನ್ನೂ ತೊಟ್ಟಿಯನ್ನೂ ಕೈಯಾರೆ ಕೂರಿಸಿದವರಿಗೆ ಅದು ಸಾಧ್ಯವಾಗಲಿಲ್ಲ. ಮರುದಿನ ಆ ನೀರನ್ನು ತೋಟಕ್ಕೆ ತಂದು ಬಾಳೆಯ ಬುಡಕ್ಕೆ ಬಿಟ್ಟೆವು. ಶಿವಮೊಗ್ಗೆಯವರು ತುಂಗೆಗೂ ಭದ್ರಾವತಿಯವರು ಭದ್ರೆಗೂ ಬಿಡುವುದೆಲ್ಲ ಕೂಡಲಿಯಲ್ಲಿ ಒಂದಾಗಿ ಕೆಳಗಿನ ಊರುಗಳ ಕೊಡಗಳಿಗೆ ಹೋಗುತ್ತದೆ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಗಾದೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಹೊಳೆಯನ್ನು ಶುದ್ಧವಾಗಿ ಉಳಿಸಿಕೊಳ್ಳಿರೆಂದು ಬೇಡುತ್ತ 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಜನ ಕಾಲ್ನಡಿಗೆಯಲ್ಲಿ ಹೊರಡಬೇಕಾಯಿತು. ಪಾನದ ಗಾದೆಗೆ ಎದುರಾಗಿ ಪಾದಯಾತ್ರೆ ಹೊರಟಿತೆಂದರೆ ಗಾದೆ ಹೇಳುವವರು ಸ್ವಲ್ಪ ಯೋಚಿಸಬೇಕಷ್ಟೆ?

ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ದೇಶಕ್ಕೆ ಅನ್ವಯಿಸುವ ಕಾನೂನು 1993ರಲ್ಲಿ ಒಂದು, 2013ರಲ್ಲಿ ಇನ್ನೂ ಬಿಗಿಯಾದದ್ದು ಇನ್ನೊಂದು ಬಂದವು. ಅಷ್ಟಾಗಿಯೂ ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರು ಉಸಿರುಕಟ್ಟಿ ಸತ್ತ ಸುದ್ದಿ ನಿಂತಿಲ್ಲ. ಕಾನೂನಿನ ಕೊರತೆಗಿಂತ ಹೆಚ್ಚಾಗಿ, ಬಚ್ಚಲಿನ ತೂತಿನಾಚೆಗೆ ಏನಾಗುತ್ತದೆಂದು ತಿಳಿಯಲು ನಾವು ಮನಸ್ಸು ಮಾಡದಿರುವುದೇ ಇದಕ್ಕೆ ಕಾರಣವೆಂದು ನನ್ನ ನಂಬಿಕೆ. ನಮ್ಮ ಬಜಾರಿಗೆ ಯಾರ ಹೆಸರನ್ನು ಇಟ್ಟಿದ್ದೇವೆಯೋ ಆ ಮಹನೀಯರು 1901ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಪೊರಕೆ ಕೇಳಿ ತೆಗೆದುಕೊಂಡು ಕಕ್ಕಸನ್ನು ತಾವೇ ಗುಡಿಸಿದರು. ಹೆಸರನ್ನು ಬೀದಿಗೆ ಕೊಟ್ಟು ಪೊರಕೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವರು ನಾವು.

ಈಗ ಆಕ್ಷೇಪಣೆಗಳಿಗೆ ಬರೋಣ. ಇದು ಸಿರಿವಂತರ ವಿದೇಶಿ ಹುಚ್ಚು ಎಂದು ಕೆಲವರು ಹೇಳಿದರು. 1910ರಲ್ಲಿ ಅಮೆರಿಕದ ಪಿಯರ್ಸ್-ಆರೋ ಕಂಪೆನಿ, ಮಡಿಸಿ ಹಾಸಿಗೆ ಮಾಡಬಹುದಾದ ಆಸನವೂ ಕೈ ತೊಳೆಯುವ ಬೋಗುಣಿಯೂ ಮಲಪಾತ್ರೆಯೂ ಇದ್ದ ಪ್ರವಾಸದ ಮೋಟಾರನ್ನು ನ್ಯೂಯಾರ್ಕಿನ ಪ್ರದರ್ಶನದಲ್ಲಿ ಇಟ್ಟಿತು. ಅದನ್ನು ಕೊಂಡವರು ಸಿರಿವಂತರೇ ಹೌದು. ಆದರೆ ಗಾಡಿಯೇ ಮನೆಯಾಗುವುದು ನಮಗೇನು ಹೊಸದೆ? ಸರಕು ಹೇರಿದ ಎತ್ತುಗಳೊಡನೆ ಸಂಸಾರವನ್ನೇ ನಡೆಸಿಕೊಂಡು ಹೋಗುತ್ತಿದ್ದ ಲಂಬಾಣಿಗರು, ಪರದೆಗಳ ಜೊತೆಗೆ ಅಡಿಗೆಯ ಕೊಪ್ಪರಿಗೆಗಳನ್ನೂ ಹೇರಿಕೊಂಡು ಊರೂರು ತಿರುಗಿದ ನಾಟಕ ಕಂಪೆನಿಗಳವರು, ಇಂದಿಗೂ ಹೆದ್ದಾರಿಯ ಮಗ್ಗುಲಲ್ಲಿ ಲಾರಿಯ ನೆರಳಿಗೆ ಒಲೆ ಹೂಡುವ ಚಾಲಕರು, ಇವರೆಲ್ಲ ಯಾವ ವಿದೇಶಿಯರಿಂದ ಕಲಿತರು? ಮತ್ತೆ, ಗಾಡಿಯೇ ಆಗಬೇಕೆಂದು ನಾನು ಹೇಳುತ್ತಲೂ ಇಲ್ಲ. ಬಾಡಿಗೆ ಮನೆಯ ಸೋರುವ ತೊಟ್ಟಿಯಾದರೂ ಸಾಕು.

ಎಲ್ಲವನ್ನೂ ನಾವೇ ಮಾಡಿಕೊಂಡರೆ ಬಡಗಿಗಳ, ನಲ್ಲಿ ಕೆಲಸದವರ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೆ ಎಂಬುದು ಎರಡನೆಯ ಆಕ್ಷೇಪಣೆ. ಇದು ವಿಚಾರಕ್ಕೆ ಯೋಗ್ಯವಾದ ಮಾತು. ಬೆಸುಗೆ, ಗ್ಯಾಸು, ವಿದ್ಯುತ್ತು ಇವುಗಳಿಗೆ ನಾವು ಬಲ್ಲವರನ್ನೇ ಕರೆದೆವು, ಕರೆಯಲೇಬೇಕು. ಆದರೆ ಒಂದು ಬಾಗಿಲಿಗೆ ಕೀಲು ಕೂರಿಸಲು ನನಗೆ ಒಂದು ಬೆಳಗು ಪೂರ್ತಿ ಹಿಡಿಯಿತು. ಅದಾದ ಮೇಲೆ ಬಡಗಿಯ ಕೂಲಿಯಲ್ಲಿ ಐವತ್ತು ರೂಪಾಯಿ ಚೌಕಾಸಿ ಮಾಡುವ ನಾಲಿಗೆ ನನಗೆ ಇಲ್ಲವಾಗಿದೆ. ಕೈಕೆಲಸ ಮಾಡಿದವರೇ ಕೈಕೆಲಸದವರಿಗೆ ಸರಿಯಾದ ಬೆಲೆ ಕೊಟ್ಟಾರು.

ಮೂರನೆಯದು, ಹೆಣ್ಣುಮಗಳ ಕೈಗೆ ಡ್ರಿಲ್ಲಿಂಗ್ ಮಿಷನ್ ಏಕೆ ಎಂಬುದು. ಬಜಾರಿನ ಓಣಿಯಲ್ಲಿ ನಾಲ್ಕು ಜನ ಹೀಗೆಂದು ನಕ್ಕರು. ಅಡಿಗೆಮನೆಯೊಳಗೆ ದುಡಿಯಲು ಹೆಣ್ಣು ಬೇಕು, ಅಡಿಗೆಮನೆಯನ್ನು ಕಟ್ಟಲು ಬೇಡ ಎಂಬ ತರ್ಕ ನನಗೆ ಅರ್ಥವಾಗಿಲ್ಲ. ತರ್ಕಶಾಸ್ತ್ರವನ್ನು ಬೋಧಿಸುವ ನಮ್ಮ ಗುರುಗಳು ಬಿಡಿಸಿ ಹೇಳಿದರೆ ಕೃತಜ್ಞಳಾಗಿರುತ್ತೇನೆ. ಈ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಉಂಟು. ನಮ್ಮ ಗಾಡಿಯಲ್ಲಿ ಈಗ ಬೆಳಗಿನ ಉಪ್ಪಿಟ್ಟು ಮಾವನದು. ಕಟ್ಟೆಯನ್ನು ಕಟ್ಟಿದವರಿಗೆ ಅದರ ಮುಂದೆ ನಿಲ್ಲಲು ಸಂಕೋಚವಾಗುವುದಿಲ್ಲ ಎಂದು ಕಾಣುತ್ತದೆ. ಉಪ್ಪಿಟ್ಟಿನ ಗುಣವನ್ನು ಕುರಿತು ನಾನು ಏನನ್ನೂ ಬರೆಯಲಾರೆ. ಅವರು ಈ ಸಂಚಿಕೆಯನ್ನು ಓದುವವರಿದ್ದಾರೆ.

ಕೊನೆಯದಾಗಿ ಒಂದು ಸಲಹೆ. ನಮ್ಮ ವಿದ್ಯಾರ್ಥಿನಿಲಯದ ಬಚ್ಚಲುಗಳನ್ನು ಕುರಿತು ಪ್ರತಿ ವರ್ಷ ಅರ್ಜಿ ಬರೆಯುತ್ತೇವೆ. ಅರ್ಜಿಯ ಭಾಷೆ ವರ್ಷದಿಂದ ವರ್ಷಕ್ಕೆ ಸುಧಾರಿಸಿದೆ, ಬಚ್ಚಲು ಸುಧಾರಿಸಿಲ್ಲ. ಈ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವನ್ನು ದೂರದ ಹಳ್ಳಿಯ ಬದಲು ಅಲ್ಲೇ ನಡೆಸಬಾರದೇಕೆ? ಒಬ್ಬ ನಲ್ಲಿ ಕೆಲಸದವರನ್ನೂ ಒಬ್ಬ ಗಾರೆಯವರನ್ನೂ ಪೂರ್ತಿ ಕೂಲಿ ಕೊಟ್ಟು ನಮಗೆ ಮೇಷ್ಟರನ್ನಾಗಿ ಕರೆಸೋಣ. ಸೋರುವ ಕೀಲುಗಳನ್ನು ಬಿಚ್ಚೋಣ, ದಿನಕ್ಕೆ ಎಷ್ಟು ಕೊಡ ನೀರು ಪೋಲಾಗುತ್ತದೆಂದು ಅಳೆದು ಸೂಚನಾ ಫಲಕದಲ್ಲಿ ಬರೆಯೋಣ, ಮಿಂದ ನೀರನ್ನು ಹಿಂದಿನ ಬಯಲಿಗೆ ತಿರುಗಿಸಿ ಹತ್ತು ಬಾಳೆ ನೆಡೋಣ. ಅಧ್ಯಾಪಕರೂ ಜೊತೆಗೆ ಬಂದು ತೋಳು ಮಡಿಸಿದರೆ ಶೋಭೆ ಹೆಚ್ಚುತ್ತದೆ. ಬಾಳೆ ಗೊನೆ ಬಿಡುವ ಹೊತ್ತಿಗೆ ಈಗ ಕೊನೆಯ ವರ್ಷದಲ್ಲಿರುವ ನಾವು ಇಲ್ಲಿಂದ ಹೊರಟುಹೋಗಿರುತ್ತೇವೆ. ಮುಂದೆ ಬರುವ ತಮ್ಮತಂಗಿಯರು ಹಣ್ಣು ತಿನ್ನಲಿ, ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂಬುದನ್ನು ತಿಳಿದವರಾಗಿರಲಿ.